ಟೆಂಟ್ ಬಾಡಿಗೆಗೆ ಕೊಡುವವರು ಹಗ್ಗವನ್ನೂ ಬಿಚ್ಚಿ ಕಟ್ಟಲಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯ ಪ್ರವಾಸಗಳನ್ನು ಕುರಿತು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಮಲೆನಾಡಿನ ಕಾಫಿ ತೋಟದಲ್ಲೋ ಹೊಳೆಯ ದಂಡೆಯಲ್ಲೋ ಮನೆಮಂದಿಯೆಲ್ಲ ಟೆಂಟಿನಲ್ಲಿ ರಾತ್ರಿ ಕಳೆಯುವ ವಿಚಾರ ಅವುಗಳಲ್ಲಿ ಈಚೆಗೆ ಮೇಲಿಂದ ಮೇಲೆ ಕಾಣುತ್ತಿದೆ, ಚಿತ್ರಗಳೂ ಸೊಗಸಾಗಿವೆ. ಆದರೆ ಆ ಟೆಂಟು ಎಂಥದ್ದು, ಅದರಲ್ಲಿ ನಿಜಕ್ಕೂ ಎಷ್ಟು ಮಂದಿ ಮಲಗಬಹುದು, ಎಂಥ ಮಳೆಯನ್ನು ಅದು ತಡೆದೀತು ಎಂಬ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಬರೆಯುವವರನ್ನಷ್ಟೇ ದೂರಿ ಫಲವಿಲ್ಲ. ಟೆಂಟ್ ಮಾರುವ ಅಂಗಡಿಯವರಾಗಲಿ ಬಾಡಿಗೆಗೆ ಕೊಡುವ ಶಿಬಿರದವರಾಗಲಿ ಈ ಮಾತನ್ನು ಎತ್ತುವುದೇ ಇಲ್ಲ, ಮತ್ತು ಅದರ ಫಲವನ್ನು ಮಕ್ಕಳು ಮುದುಕರನ್ನು ಕಟ್ಟಿಕೊಂಡು ಹೋದ ಕುಟುಂಬಗಳು ನಡುರಾತ್ರಿಯಲ್ಲಿ ಉಣ್ಣುತ್ತವೆ. ಹಾಗೆ ಉಂಡವರಲ್ಲಿ ನಾನೂ ಒಬ್ಬನಾದ್ದರಿಂದ ಈ ಪತ್ರ.

ನಾನು ದಾವಣಗೆರೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಶಾಲೆಯ ಸ್ಕೌಟ್ ದಳದ ಹೊಣೆಯೂ ಹಲವು ವರ್ಷ ನನ್ನ ಮೇಲಿದ್ದುದರಿಂದ ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಶಿಬಿರಗಳಿಗೆ ಹುಡುಗರನ್ನು ಕರೆದುಕೊಂಡು ಹೋಗಿ, ಖಾಕಿ ಬಣ್ಣದ ಕ್ಯಾನ್‌ವಾಸ್ ಡೇರೆಗಳಲ್ಲಿ ಎಷ್ಟೋ ರಾತ್ರಿ ಮಲಗಿದ್ದೇನೆ. ಆ ಡೇರೆಗಳ ಭಾರ ಹೊತ್ತವರಿಗೇ ಗೊತ್ತು. ಮಳೆ ಹಿಡಿದಾಗ ಒಳಗಿನಿಂದ ಬಟ್ಟೆಗೆ ಬೆರಳು ತಾಗಿಸಿದರೆ ಅದೇ ಜಾಗದಿಂದ ನೀರು ಜಿನುಗತೊಡಗುತ್ತಿತ್ತು. ಆದ್ದರಿಂದ ‘ಡೇರೆ ಮುಟ್ಟಬೇಡ್ರೋ’ ಎಂಬುದೇ ನಾವು ಹುಡುಗರಿಗೆ ಕೊಡುತ್ತಿದ್ದ ಮೊದಲ ಅಪ್ಪಣೆ. ಹಸಿಯಾಗಿಯೇ ಮಡಿಚಿಟ್ಟ ಡೇರೆಯನ್ನು ಮುಂದಿನ ವರ್ಷ ಬಿಚ್ಚಿದರೆ ಕರಿ ಬೂಷ್ಟು ಹಿಡಿದು ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಇಷ್ಟು ಅನುಭವವಿದ್ದ ನನಗೆ ಇನ್ನು ಟೆಂಟಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಒಣ ಜಂಬವೂ ಇತ್ತು.

ಕಳೆದ ವರ್ಷ ಏಪ್ರಿಲ್ ಮೂರನೆಯ ವಾರದಲ್ಲಿ ಮಗಳು, ಅಳಿಯ, ಅವರ ಇಬ್ಬರು ಮಕ್ಕಳು, ನನ್ನ ಪತ್ನಿ ಮತ್ತು ನಾನು, ಹೀಗೆ ಆರು ಮಂದಿ ಚಿಕ್ಕಮಗಳೂರು ಕಡೆಯ ಕಾಫಿ ತೋಟವೊಂದರ ಟೆಂಟ್ ಶಿಬಿರಕ್ಕೆ ಹೋದೆವು. ಅಳಿಯಂದಿರು ಮೊಬೈಲಿನಲ್ಲೇ ಕಾಯ್ದಿರಿಸಿದ್ದ ನಮ್ಮ ಟೆಂಟಿಗೆ ‘ಆರು ಜನರ ಫ್ಯಾಮಿಲಿ ಟೆಂಟ್’ ಎಂಬ ಹೆಸರು. ಗುಡ್ಡದ ಇಳಿಜಾರನ್ನು ಜೆಸಿಬಿಯಿಂದ ಕೊರೆದು ಮಟ್ಟ ಮಾಡಿದ ಅಂಗಳದಲ್ಲಿ ಹನ್ನೊಂದು ಟೆಂಟುಗಳನ್ನು ಸಾಲಾಗಿ ಹೂಡಿದ್ದರು. ಸಂಜೆ ಸಿಲ್ವರ್ ಮರಗಳ ನಡುವೆ ಮಕ್ಕಳು ಓಡಾಡಿದರು, ಕಟ್ಟಿಗೆ ಉರಿಯ ಸುತ್ತ ಕುಳಿತು ಊಟವಾಯಿತು, ಯಾರಿಗೂ ಏನೂ ಕೊರತೆ ಕಾಣಲಿಲ್ಲ. ರಾತ್ರಿ ಹನ್ನೊಂದರ ಸುಮಾರಿಗೆ ಗುಡುಗು ಮಿಂಚಿನೊಂದಿಗೆ ಅಶ್ವಿನಿ ಮಳೆ ಹಿಡಿಯಿತು. ಕಾಲು ಗಂಟೆಯೊಳಗೆ ನೆಲಹಾಸಿಗೆ ಕೈಯೂರಿದರೆ ಅದು ನೀರು ತುಂಬಿದ ಚೀಲದಂತೆ ಕುಲುಕತೊಡಗಿತು. ‘ಅಜ್ಜಾ, ನೆಲ ಅಲ್ಲಾಡ್ತಾ ಇದೆ’ ಎಂದು ಮೊಮ್ಮಗಳು ಮೊದಲು ನಕ್ಕಳು. ಹಾಸಿಗೆ ತೊಯ್ದು ಬೆನ್ನಿಗೆ ತಣ್ಣಗೆ ತಾಗಿದ ಮೇಲೆ ಅಳಲು ಶುರುಮಾಡಿದಳು. ಗಾಳಿ ಬೀಸಿದಾಗಲೆಲ್ಲ ಪಕ್ಕದ ಜಾಲರಿಯಿಂದ ಎರಚಲು ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು. ಒಂದೂವರೆಗೆ ಎಲ್ಲರೂ ಕಂಬಳಿ ಹೊದ್ದು ಕಾರಿಗೆ ಓಡಿದೆವು. ಅದೂ ಒಳ್ಳೆಯದೇ ಆಯಿತೆನ್ನಬೇಕು. ಏಕೆಂದರೆ ಸಿಡಿಲಿನ ಎದುರು ಟೆಂಟ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ, ಗಾಜು ಏರಿಸಿದ ಕಾರಿನ ಲೋಹದ ಮೈ ಕೊಡುತ್ತದೆ.

ಬೆಳಗ್ಗೆ ಬಿಸಿಲು ಬಂದ ಮೇಲೆ ಆ ಟೆಂಟನ್ನು ಸುತ್ತು ಹಾಕಿ ನೋಡಿದೆ. ಅದರ ಮೇಲ್ಹೊದಿಕೆ ಟೋಪಿಯ ಹಾಗೆ ನೆತ್ತಿಯನ್ನಷ್ಟೇ ಮುಚ್ಚಿತ್ತು. ಕೆಳಗಿನ ಮುಕ್ಕಾಲು ಪಾಲು ಮಳೆಗೆ ತೆರೆದಿತ್ತು. ಆ ಹೊದಿಕೆಯ ನಾಲ್ಕೂ ಮೂಲೆಗಳಲ್ಲಿ ಎಳೆದು ಕಟ್ಟುವ ಹಗ್ಗದ ಸಿಂಬೆಗಳು ಕಾರ್ಖಾನೆಯಲ್ಲಿ ಹೇಗೆ ಸುತ್ತಿದ್ದರೋ ಹಾಗೆಯೇ, ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿಯ ಸಮೇತ ನೇತಾಡುತ್ತಿದ್ದವು. ಆ ಟೆಂಟು ಅಲ್ಲಿಗೆ ಬಂದಾಗಿನಿಂದ ಯಾರೂ ಅವನ್ನು ಬಿಚ್ಚಿರಲೇ ಇಲ್ಲ. ಪಕ್ಕದ ಟೆಂಟುಗಳಲ್ಲೂ ಅದೇ ಕಥೆ. ನೆಲದ ತೇವ ತಡೆಯಲೆಂದು ಅಡಿಗೆ ಹಾಸಿದ್ದ ನೀಲಿ ತಾಡಪಾಲು ಟೆಂಟಿಗಿಂತ ಒಂದು ಗೇಣು ದೊಡ್ಡದಾಗಿ ಸುತ್ತಲೂ ಹೊರಚಾಚಿತ್ತು. ಮೇಲಿನಿಂದ ಇಳಿದ ನೀರೆಲ್ಲ ಆ ಅಂಚಿನ ಮೇಲೆ ಬಿದ್ದು, ಹೊರಹೋಗಲು ದಾರಿಯಿಲ್ಲದೆ ತಾಡಪಾಲಿನ ಮೇಲೇ ಹರಿದು ಟೆಂಟಿನ ಅಡಿ ಸೇರಿತ್ತು. ಅಂದರೆ ನೀರು ತಡೆಯಲೆಂದು ಹಾಸಿದ್ದೇ ನೀರನ್ನು ಕರೆದು ತಂದು ಕೂರಿಸಿತ್ತು. ಅಡಿಯ ಹಾಸು ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಿರಬೇಕು, ದೊಡ್ಡದಿದ್ದರೆ ಅಂಚನ್ನು ಒಳಕ್ಕೆ ಮಡಿಚಬೇಕು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಹಗ್ಗದ ವಿಷಯ ಇನ್ನೂ ಮುಖ್ಯ. ಈಗಿನ ಟೆಂಟುಗಳು ಎರಡು ಪದರದವು: ಒಳಗೆ ಗಾಳಿಯಾಡುವ ಬಟ್ಟೆ ಮತ್ತು ಜಾಲರಿ, ಹೊರಗೆ ನೀರು ಇಳಿಯದ ಹೊದಿಕೆ. ಇವೆರಡರ ನಡುವೆ ಅಂತರವಿದ್ದರೆ ಮಾತ್ರ ಉಪಾಯ ಫಲಿಸುತ್ತದೆ, ಆ ಅಂತರವನ್ನು ಕಾಯುವುದು ಹಗ್ಗ. ನಿದ್ರೆಯಲ್ಲಿ ಒಬ್ಬ ವಯಸ್ಕನ ಉಸಿರು ಮತ್ತು ಚರ್ಮದಿಂದ ರಾತ್ರಿಯೊಂದಕ್ಕೆ ಸುಮಾರು ಕಾಲು ಲೀಟರಿನಷ್ಟು ನೀರು ಆವಿಯಾಗಿ ಹೋಗುತ್ತದೆ. ಆರು ಮಂದಿಯೆಂದರೆ ಲೀಟರಿಗೂ ಮೀರಿದ ನೀರು. ಅದು ತಣ್ಣನೆಯ ಹೊರಹೊದಿಕೆಯ ಒಳಮೈಗೆ ಹನಿಗಟ್ಟುತ್ತದೆ. ಹಗ್ಗ ಸಡಿಲವಾಗಿ ಹೊದಿಕೆ ಒಳಪದರಕ್ಕೆ ಅಂಟಿಕೊಂಡರೆ ಆ ಹನಿಗಳೆಲ್ಲ ಮಲಗಿದವರ ಮೇಲೆ. ‘ಟೆಂಟು ಸೋರುತ್ತದೆ’ ಎಂದು ಜನ ಹಿಂದಿರುಗಿಸುವ ಎಷ್ಟೋ ಟೆಂಟುಗಳಲ್ಲಿ ಸೋರಿರುವುದು ಮಳೆಯಲ್ಲ, ಅವರದೇ ಉಸಿರು. ಚಳಿಯೆಂದು ಗಾಳಿಕಿಂಡಿಗಳನ್ನೆಲ್ಲ ಮುಚ್ಚಿಕೊಂಡರೆ ಈ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆ ರಾತ್ರಿ ನಡೆದ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಪತ್ರ ಬರೆದೂ ಪ್ರಯೋಜನವಿಲ್ಲ. ಮಕ್ಕಳು ನಡುಗುವುದನ್ನು ಕಂಡ ಶಿಬಿರದ ಹುಡುಗನೊಬ್ಬ ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಹೊತ್ತು ತಂದು, ‘ಸಾರ್, ಒಳಗಡೆ ಮೂಲೇಲಿ ಇಟ್ಟು ಜಿಪ್ ಹಾಕ್ಕೊಳ್ಳಿ, ಬೆಚ್ಚಗಾಗುತ್ತೆ’ ಎಂದ. ಅವನದು ಒಳ್ಳೆಯ ಮನಸ್ಸು. ಆದರೆ ಅವನ ಮಾತು ಕೇಳಿದ್ದರೆ ಈ ಪತ್ರವನ್ನು ಬೇರೆ ಯಾರೋ ಬರೆಯಬೇಕಾಗುತ್ತಿತ್ತು. ಇದ್ದಿಲು ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕೆಮ್ಮು ಕೂಡ ಬರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುವ ಈ ಅನಿಲ ನಿದ್ರೆಯಲ್ಲಿದ್ದವರನ್ನು ಎಚ್ಚರಿಸದೆಯೇ ಕೊಲ್ಲುತ್ತದೆ. ಹೊಗೆ ಅಡಗಿದ ಕೆಂಡ ನಿರಪಾಯಕಾರಿ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಅಪಾಯ ಇರುವುದೇ ಅಲ್ಲಿ. ಇದ್ದಿಲಿನದಾಗಲಿ ಗ್ಯಾಸಿನದಾಗಲಿ, ಟೆಂಟಿನೊಳಗೆ ಒಲೆ ಕೂಡದು. ಅಡುಗೆಯನ್ನೂ ಹೊರಗೇ ಮಾಡಬೇಕು. ಪಾಲಿಯೆಸ್ಟರ್ ಬಟ್ಟೆಗೆ ಕಿಡಿ ತಗುಲಿದರೆ ಅದು ಕರಗಿ ಮೈಗೆ ಅಂಟುತ್ತದೆ. ನಮ್ಮ ಕಡೆಯವರಿಗೆ ಒಂದೆರಡು ದಿನದ ಪಯಣಕ್ಕೆ ಒಲೆಯ ಹಂಗಾದರೂ ಏಕೆ? ಕಟಿರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಮಂಡಕ್ಕಿ ಇದ್ದರೆ ಸಾಕು.

ಮನೆಗೆ ಬಂದ ಮೇಲೆ ಹಟದಿಂದ ನಾವೇ ಒಂದು ಟೆಂಟ್ ಕೊಂಡೆವು. ಡಬ್ಬದ ಮೇಲೆ ‘ಆರು ಜನ’, ‘ವಾಟರ್‌ಪ್ರೂಫ್’ ಎಂಬ ಎರಡು ಮಾತುಗಳನ್ನು ದಪ್ಪಕ್ಷರದಲ್ಲಿ ಮುದ್ರಿಸಿದ್ದರು. ಮಹಡಿಯ ಮೇಲೆ ಹೂಡಿ ಟೇಪು ಹಿಡಿದು ಅಳೆದಾಗ ಒಳಗಿನ ಅಗಲ ಮೂರು ಮೀಟರು. ಆರರಿಂದ ಭಾಗಿಸಿದರೆ ತಲೆಗೆ ಐವತ್ತು ಸೆಂಟಿಮೀಟರು. ನಮ್ಮ ಮನೆಗಳ ಒಂಟಿ ಮಂಚದ ಅಗಲವೇ ಮೂರು ಅಡಿ, ಅಂದರೆ ತೊಂಬತ್ತು ಸೆಂಟಿಮೀಟರಿಗೂ ತುಸು ಹೆಚ್ಚು. ಆರು ಮಂದಿ ಅಲ್ಲಿ ಮಲಗಬಹುದು ನಿಜ, ಹೆಗಲಿಗೆ ಹೆಗಲು ಒತ್ತಿಕೊಂಡು, ಯಾರೂ ಮಗ್ಗುಲು ಬದಲಿಸದೆ, ಚೀಲಗಳನ್ನು ಹೊರಗಿಟ್ಟು. ಡಬ್ಬದ ಮೇಲಿನ ಸಂಖ್ಯೆಯಿಂದ ಇಬ್ಬರನ್ನು ಕಳೆದರೆ ಸಿಗುವುದೇ ನಿಜವಾದ ಲೆಕ್ಕವೆಂದು ನನ್ನ ಅಭಿಪ್ರಾಯ. ಆರರ ಟೆಂಟಿನಲ್ಲಿ ನಾಲ್ವರು, ನಾಲ್ಕರ ಟೆಂಟಿನಲ್ಲಿ ಗಂಡ ಹೆಂಡತಿ ಮತ್ತು ಒಂದು ಎಳೆಯ ಮಗು.

‘ವಾಟರ್‌ಪ್ರೂಫ್’ ಎಂಬ ಮಾತು ಇನ್ನೂ ಸಡಿಲವಾದದ್ದು. ಬಟ್ಟೆ ಎಷ್ಟು ನೀರನ್ನು ತಡೆಯುತ್ತದೆ ಎಂಬುದನ್ನು ಅಳೆಯಲು ಸರಳವಾದ ಪರೀಕ್ಷೆಯೊಂದಿದೆ. ಬಟ್ಟೆಯ ಮೇಲೆ ನೀರಿನ ಒತ್ತಡವನ್ನು ಮೆಲ್ಲಗೆ ಏರಿಸುತ್ತ ಹೋಗಿ, ಇನ್ನೊಂದು ಬದಿಯಲ್ಲಿ ಮೂರು ಕಡೆ ಹನಿ ಕಾಣಿಸಿಕೊಂಡಾಗ ಆ ಒತ್ತಡ ಎಷ್ಟು ಎತ್ತರದ ನೀರಿನ ಕಂಬಕ್ಕೆ ಸಮ ಎಂದು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಒಳ್ಳೆಯ ತಯಾರಕರು 1500, 2000, 3000 ಎಂದು ಈ ಸಂಖ್ಯೆಯನ್ನು ಮುದ್ರಿಸುತ್ತಾರೆ. ನಮ್ಮ ಡಬ್ಬದಲ್ಲಿ ಅದಿರಲಿಲ್ಲ. ಅಂಗಡಿಯವರನ್ನು ಕೇಳಿದರೆ ‘ಚೈನಾ ಮಾಲಲ್ಲ ಸಾರ್, ಗ್ಯಾರಂಟಿ’ ಎಂಬ ಉತ್ತರ ಬಂತು. ಈ ಸಂಖ್ಯೆ ಮೇಲ್ಹೊದಿಕೆಗೆ ಎಷ್ಟು ಬೇಕೋ ತಳಕ್ಕೆ ಅದಕ್ಕಿಂತ ಹೆಚ್ಚು ಬೇಕು. ಕಾರಣವನ್ನು ಎಂಟನೆಯ ತರಗತಿಯ ಮಕ್ಕಳೂ ಲೆಕ್ಕ ಹಾಕಬಲ್ಲರು. ಅರವತ್ತು ಕಿಲೋ ತೂಕದವರು ಮಂಡಿಯೂರಿ ಕೂತಾಗ ಎರಡೂ ಮಂಡಿಗಳು ಸೇರಿ ನೂರು ಚದರ ಸೆಂಟಿಮೀಟರಿನಷ್ಟು ಜಾಗವನ್ನು ಒತ್ತುತ್ತವೆ ಎಂದಿಟ್ಟುಕೊಳ್ಳೋಣ. ಆ ಒತ್ತಡ ಆರು ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ, ಅಂದರೆ 6000 ಮಿಲಿಮೀಟರು. ಕೆಳಗೆ ನೀರು ನಿಂತಿದ್ದರೆ 3000 ಎಂದು ಬರೆದ ತಳ ಕೂಡ ಮಂಡಿಯ ಅಡಿಯಲ್ಲಿ ಸೋಲುತ್ತದೆ. ಒಳಗೆ ದಪ್ಪನೆಯ ಮ್ಯಾಟು ಹಾಸಿಕೊಂಡರೆ ಭಾರ ಹಂಚಿಹೋಗುತ್ತದೆ. ಹೊಲಿಗೆಗಳ ಮಾತೂ ಹೀಗೆಯೇ. ಸೂಜಿ ಹೋದಲ್ಲೆಲ್ಲ ತೂತು. ಒಳಬದಿಯಿಂದ ಹೊಲಿಗೆಯುದ್ದಕ್ಕೂ ಟೇಪು ಅಂಟಿಸದ ಟೆಂಟಿನ ಬಟ್ಟೆ ಎಷ್ಟು ಒಳ್ಳೆಯದಿದ್ದರೂ ವ್ಯರ್ಥ. ನಾನು ಕೊಂಡ ಟೆಂಟಿಗೆ ಬಚ್ಚಲಿನ ಪೈಪು ಹಿಡಿದು ನೀರು ಬಿಟ್ಟಾಗ ಜಿನುಗಿದ್ದು ಬಟ್ಟೆಯಲ್ಲಲ್ಲ, ಬಾಗಿಲ ಮೇಲಿನ ಒಂದೇ ಒಂದು ಹೊಲಿಗೆಯಲ್ಲಿ. ಅದನ್ನು ಹೊರಡುವ ಮೊದಲೇ ಮನೆಯಲ್ಲಿ ಕಂಡುಕೊಂಡದ್ದರಿಂದ ಅಂಟು ಬಳಿದು ಸರಿಮಾಡಲು ಸಾಧ್ಯವಾಯಿತು.

ಕೋಲುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಫೈಬರಿನವು ಸೀಳುತ್ತವೆ, ಅಲ್ಯೂಮಿನಿಯಮ್ಮಿನವು ಬಾಗುತ್ತವೆ, ಬಾಗಿದ್ದನ್ನು ನೆಟ್ಟಗೆ ಮಾಡಿಕೊಳ್ಳಬಹುದು. ಹಾಸಿಗೆಯ ವಿಚಾರದಲ್ಲಿ ಮಾತ್ರ ಒಂದು ಮಾತು. ಗಾಳಿ ತುಂಬುವ ದೊಡ್ಡ ಹಾಸಿಗೆ ನೋಡಲು ಚೆಂದ, ಆದರೆ ಒಳಗಿನ ಗಾಳಿ ತಿರುಗಾಡುತ್ತ ಮೈಯ ಶಾಖವನ್ನು ನೆಲಕ್ಕೆ ಕೊಟ್ಟುಬಿಡುವುದರಿಂದ ಬೆಳಗಿನ ಜಾವ ಬೆನ್ನು ಕೊರೆಯುತ್ತದೆ. ಚಳಿ ಏಳುವುದು ನೆಲದಿಂದ. ಅದಕ್ಕೆ ನಮ್ಮ ಚಳ್ಳಕೆರೆ ಕಡೆಯ ಕುರಿ ಕಂಬಳಿಯಷ್ಟು ಒಳ್ಳೆಯ ಸಾಧನ ಬೇರೊಂದಿಲ್ಲ; ಮ್ಯಾಟಿನ ಮೇಲೆ ಒಂದನ್ನು ಹಾಸಿ ಇನ್ನೊಂದನ್ನು ಹೊದ್ದರೆ ಮಲೆನಾಡಿನ ಡಿಸೆಂಬರಿಗೂ ಸಾಕು. ಉಣ್ಣೆ ಸ್ವಲ್ಪ ತೊಯ್ದರೂ ಬೆಚ್ಚಗಿರುತ್ತದೆ, ಹತ್ತಿಯ ರಜಾಯಿ ತೊಯ್ದರೆ ಮುಗಿಯಿತು. ಕುರಿ ಹಿಂಡಿನೊಂದಿಗೆ ತಿಂಗಳುಗಟ್ಟಲೆ ಬಯಲಿನಲ್ಲಿ ಮಲಗುವವರು ಇದನ್ನು ಯಾವ ಪುರವಣಿಯನ್ನೂ ಓದಿ ಕಲಿತದ್ದಲ್ಲ.

ಟೆಂಟಿನ ಒಳಗೆ ನೋಡಿದ್ದಾಯಿತು, ಟೆಂಟ್ ನಿಲ್ಲುವ ನೆಲವನ್ನೂ ನೋಡಬೇಕು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಂಚಿನಲ್ಲಿ ಮಂಗನ ಕಾಯಿಲೆ ಇಂದಿಗೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರವನ್ನು ಹರಡುವುದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳ. ಅದರ ಹಾವಳಿ ಹೆಚ್ಚುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ, ನಾವು ಟೆಂಟ್ ಹೊತ್ತು ಹೊರಡುವುದೂ ಸರಿಯಾಗಿ ಆ ತಿಂಗಳುಗಳಲ್ಲೇ. ಒಣ ತರಗೆಲೆ ಬಿದ್ದ ನೆರಳಿನ ಜಾಗ ನಮಗೆ ತಂಪಾಗಿ ಕಾಣುತ್ತದೆ, ಉಣುಗಿಗೂ ಅದೇ ಮನೆ. ತರಗೆಲೆ ಗುಡಿಸಿ ಟೆಂಟ್ ಹೂಡುವುದು, ಮಕ್ಕಳನ್ನು ಬರಿಗಾಲಲ್ಲಿ ಬಿಡದಿರುವುದು, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕಾಡಂಚಿನ ಹಳ್ಳಿಗಳಲ್ಲಿ ಹಂಚುವ ಡೆಪಾ ತೈಲವನ್ನು ಅಲ್ಲಿಯವರು ಹೇಳಿದಂತೆ ಹಚ್ಚಿಕೊಳ್ಳುವುದು, ಮರಳಿದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯುವುದು: ಹಳ್ಳಿಯವರಿಗೆಲ್ಲ ಗೊತ್ತಿರುವ ಈ ಸಂಗತಿಗಳನ್ನು ಹಣ ಕೊಟ್ಟು ಬಂದ ಅತಿಥಿಗಳಿಗೆ ಯಾವ ಶಿಬಿರದವರೂ ಹೇಳಿದ್ದನ್ನು ನಾನು ಕಂಡಿಲ್ಲ. ಹೇಳಿದರೆ ಗಿರಾಕಿ ಹೆದರಿ ಓಡಿಯಾನೆಂಬ ಅಂಜಿಕೆ ಇರಬಹುದು. ಆನೆಯ ವಿಚಾರದಲ್ಲೂ ಇದೇ ಮೌನ. 2021ರ ಜನವರಿಯಲ್ಲಿ ನೆರೆಯ ವಯನಾಡಿನ ಮೇಪ್ಪಾಡಿ ಬಳಿ ಟೆಂಟ್ ಶಿಬಿರಕ್ಕೆ ಬಂದಿದ್ದ ಮಹಿಳೆಯೊಬ್ಬರು ಕಾಡಾನೆಯ ದಾಳಿಗೆ ಬಲಿಯಾದದ್ದನ್ನು ಓದುಗರು ಮರೆತಿರಲಾರರು. ಹಲಸು, ಬಾಳೆ, ಬೆಲ್ಲವನ್ನು ಟೆಂಟಿನೊಳಗೆ ಇಟ್ಟುಕೊಂಡು ಮಲಗುವುದೆಂದರೆ ಆನೆಗೆ ಓಲೆ ಕಳಿಸಿದಂತೆ.

ಈಗ ನನ್ನ ಬೇಡಿಕೆಗಳು. ಪೊಟ್ಟಣ ಸರಕುಗಳಿಗೆ ಸಂಬಂಧಿಸಿದ 2011ರ ಕೇಂದ್ರ ನಿಯಮಗಳು ತಯಾರಕರ ವಿಳಾಸ, ಬೆಲೆ ಮುಂತಾದವನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಮುದ್ರಿಸಬೇಕೆನ್ನುತ್ತವೆ, ಅದರ ಜೊತೆಗೆ ಬೇರೆ ಭಾಷೆಯನ್ನೂ ಬಳಸಲು ಅವಕಾಶ ಕೊಡುತ್ತವೆ. ಹಾಗಿರುವಾಗ ಕರ್ನಾಟಕದ ಅಂಗಡಿಗಳಲ್ಲಿ ಮಾರುವ ಟೆಂಟಿನ ಡಬ್ಬದ ಮೇಲೆ ಒಳಗಿನ ಉದ್ದಗಲ, ಹೊದಿಕೆ ಮತ್ತು ತಳ ತಡೆಯುವ ನೀರಿನ ಪ್ರಮಾಣ, ‘ಒಳಗೆ ಬೆಂಕಿ ಇಡಬೇಡಿ’ ಎಂಬ ಎಚ್ಚರಿಕೆ, ಇಷ್ಟನ್ನು ಕನ್ನಡದಲ್ಲಿ ಒಂದು ಚೀಟಿಯಾಗಿ ಅಂಟಿಸಲು ಯಾವ ಅಡ್ಡಿಯೂ ಇಲ್ಲ. ಇನ್ನು ಶಿಬಿರಗಳು. ಹೋಮ್‌ಸ್ಟೇಗಳನ್ನು ನೋಂದಾಯಿಸುವ ಪ್ರವಾಸೋದ್ಯಮ ಇಲಾಖೆ ಕೊಠಡಿಗಳನ್ನು ನೋಡುತ್ತದೆ, ಅಂಗಳದಲ್ಲಿ ಬಾಡಿಗೆಗಿಟ್ಟ ಟೆಂಟುಗಳನ್ನೂ ಅದು ನೋಡಬೇಕು. ನೆಲಕ್ಕೆ ತುಸು ವಾಟವಿದೆಯೇ, ಮೇಲಿನ ಇಳಿಜಾರಿನ ನೀರು ಬೇರೆ ಕಡೆ ಹರಿಯಲು ಕಾಲುವೆಯಿದೆಯೇ, ಹೊದಿಕೆ ನೆಲದವರೆಗೆ ಇಳಿಯುತ್ತದೆಯೇ, ಮಳೆ ಸಿಡಿಲು ಬಂದರೆ ಅತಿಥಿಗಳು ಓಡಿ ಸೇರಲು ಗಟ್ಟಿ ಸೂರಿನ ಕಟ್ಟಡವೊಂದಿದೆಯೇ ಎಂದು ಕೇಳುವುದಕ್ಕೆ ತಜ್ಞರ ಸಮಿತಿಯೇನೂ ಬೇಕಿಲ್ಲ. ಮಕ್ಕಳಿಗೆ ನಾವು ಕೊಂಡಜ್ಜಿಯಲ್ಲಿ ಅರ್ಧ ದಿನದಲ್ಲಿ ಕಲಿಸುತ್ತಿದ್ದ ಪಾಠವಿದು. ಶಿಬಿರಗಳಲ್ಲಿ ದುಡಿಯುವ ಹುಡುಗರಿಗೆ ಸ್ಕೌಟ್ ಸಂಸ್ಥೆಯ ಹಿರಿಯರು ಬೇಕಾದರೆ ಕಲಿಸಿಯಾರು, ನಾನಂತೂ ಸಿದ್ಧನಿದ್ದೇನೆ. ತಮ್ಮ ಪುರವಣಿ ಕೂಡ ಪ್ರತಿ ಪ್ರವಾಸ ಬರಹದ ಜೊತೆಗೆ ಸರಂಜಾಮಿನ ಬಗ್ಗೆ ಹತ್ತು ಸಾಲು ಅಚ್ಚು ಹಾಕಿದರೆ, ಒಂದು ಚಿತ್ರ ಕಡಿಮೆಯಾದರೂ ಓದುಗರು ಬೇಸರಪಡುವುದಿಲ್ಲ.

ಆ ಶಿಬಿರದ ಹೆಸರನ್ನು ಬೇಕೆಂದೇ ಬರೆದಿಲ್ಲ. ಬೆಳಗ್ಗೆ ಅದರ ಮಾಲೀಕರು ತಾವಾಗಿಯೇ ಬಂದು ಹಣ ಹಿಂದಿರುಗಿಸುತ್ತೇವೆಂದರು. ಊಟದ ಲೆಕ್ಕ ಮುರಿದುಕೊಂಡು ಉಳಿದದ್ದನ್ನು ತೆಗೆದುಕೊಂಡೆವು. ಅಗ್ಗಿಷ್ಟಿಕೆ ತಂದಿದ್ದ ಹುಡುಗ ಮಾತ್ರ ನನ್ನ ಹಿಂದೆಯೇ ಸುತ್ತುತ್ತಿದ್ದ. ಸಿಂಬೆಯ ಪಟ್ಟಿ ಕತ್ತರಿಸಿ, ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆದು, ಬೇಕೆಂದಾಗ ಜಾರಿಸಿ ಬಿಗಿ ಮಾಡಬಹುದಾದ ಗಂಟನ್ನು ಹಾಕಿ ತೋರಿಸಿದೆ. ಎರಡನೆಯ ಸಲಕ್ಕೆ ಅವನಿಗೆ ಗಂಟು ಬಂತು. ನಾವು ಕಾರು ಹತ್ತುವ ಹೊತ್ತಿಗೆ ಹನ್ನೊಂದು ಟೆಂಟುಗಳಲ್ಲಿ ನಾಲ್ಕರ ಹಗ್ಗ ಬಿಗಿದಿತ್ತು. ಐದನೆಯದಕ್ಕೆ ಗೂಟ ಸಾಲದೆ ಅವನು ಕಾಫಿ ಗಿಡದಿಂದ ಸವರಿ ಹಾಕಿದ್ದ ಕೊಂಬೆಗಳನ್ನು ಕತ್ತಿಯಿಂದ ಚೂಪು ಮಾಡುತ್ತ ಕುಳಿತಿದ್ದ.

ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ
ದಾವಣಗೆರೆ